ಕುಡುಗೋಲಿಗೆ ನೀಲಿಗಪ್ಪು ಬಣ್ಣ

ಗದ್ದೆಯಲ್ಲಿ ನಾನು ಮರೆತುಬಂದ ಅಜ್ಜನ ಕುಡುಗೋಲು ಮಳೆಗೆ ನೆನೆದು ತುಕ್ಕು ಹಿಡಿಯಿತು. ಅಜ್ಜ ಮಾತೇ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು!

ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಸೀಗೆಪುಡಿಯಿಂದ ಜಿಡ್ಡು ತೆಗೆದೆ. ಅಳಲೆಕಾಯಿ ಜಜ್ಜಿ ಕುದಿಸಿ, ಆರಿದ ಕಷಾಯದಲ್ಲಿ ಅಲಗನ್ನು ರಾತ್ರಿಯಿಡೀ ಅದ್ದಿಟ್ಟೆ. ಬೆಳಿಗ್ಗೆ ನೋಡಿದರೆ ನೀಲಿಗಪ್ಪು! ನನ್ನ ಬೆರಳಿನ ಜಿಡ್ಡು ತಾಗಿದ್ದ ಕಡೆ ಮಾತ್ರ ಬಿಳಿ ಮಚ್ಚೆ.

ಕಾಯಿಯಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಈ ಕಪ್ಪು ಪದರ ಆಗುತ್ತದೆ. ಹಿಂದೆ ಶಾಯಿ ಮಾಡುತ್ತಿದ್ದುದೂ ಹೀಗೇ. ಉಕ್ಕಿಗೆ ಈ ಬಣ್ಣ ಕೊಡಲು ಮಾರುವ ಎಷ್ಟೋ ದ್ರಾವಣಗಳಲ್ಲಿ ಸೆಲೆನಿಯಂ ಇರುತ್ತದೆ. ಅದು ವಿಷ, ನಾವು ಮುಟ್ಟಬಾರದು.

ಪದರ ತೆಳು. ತೊಳೆದು ಒಣಗಿಸಿ ಹರಳೆಣ್ಣೆ ಸವರಲೇಬೇಕು. ಮಸೆದರೆ ಬಾಯಿ ಮತ್ತೆ ಬಿಳಿಯಾಗುತ್ತೆ, ಅದಕ್ಕೇನೂ ಮಾಡೋಕಾಗಲ್ಲ.

ನಿನ್ನೆ ಅಜ್ಜ ಅದನ್ನೇ ಹಿಡಿದು ಗದ್ದೆಗೆ ಹೋದರು.