ಆಟ ಅವರದು, ಮಾತು ನಿನ್ನದು

ನೋಡು ಮಗಾ, ಗೇಮಿಂಗ್ ಚಾನೆಲ್‌ನ ವ್ಯೂಸ್ ಇಳೀತಿದೆ, ದುಡ್ಡು ಬರ್ತಿಲ್ಲ ಅಂದ ಕೂಡಲೇ ನಿಮ್ಮಪ್ಪ "ಅದನ್ನ ಬಿಟ್ಟು ಒಂದು ಕೆಲಸ ಹಿಡಿ" ಎಂದುಬಿಟ್ಟ. ನಾನು ಹಾಗೆನ್ನುವುದಿಲ್ಲ. ರಾತ್ರಿಯೆಲ್ಲ ಕೂತು ರೆಕಾರ್ಡ್ ಮಾಡಿ, ಎಡಿಟ್ ಮಾಡಿ, ಥಂಬ್‌ನೇಲ್ ತಯಾರಿಸಿ ಹಾಕುವುದೂ ಕೆಲಸವೇ. ಆದರೆ ಅದರ ಕೂಲಿ ಯಾರ ಕೈಯಿಂದ ಬರುತ್ತದೆ ಎಂಬುದನ್ನು ನೀನಿನ್ನೂ ಕಣ್ಣಿಟ್ಟು ನೋಡಿಲ್ಲ.

ಮೊದಲು, ಇಳಿದದ್ದು ಯಾವುದು ಎಂದು ಬಿಡಿಸಿಕೋ. ವ್ಯೂಸ್ ಇಳಿಯುವುದು ಒಂದು, ಆರ್‌ಪಿಎಂ, ಅಂದರೆ ಸಾವಿರ ವ್ಯೂಸ್‌ಗೆ ಸಿಗುವ ಹಣ, ಇಳಿಯುವುದು ಇನ್ನೊಂದು. ದೀಪಾವಳಿ ಹೊತ್ತಿಗೆ ಜಾಹೀರಾತಿನವರು ಧಾರಾಳವಾಗಿ ಖರ್ಚು ಮಾಡುತ್ತಾರೆ, ಜನವರಿಯಲ್ಲಿ ಕೈ ಬಿಗಿ ಹಿಡಿಯುತ್ತಾರೆ. ನೋಡುವವರು ಅಷ್ಟೇ ಇದ್ದರೂ ಆಗ ಹಣ ಕಡಿಮೆ. ಅದಕ್ಕೆ ಗಾಬರಿಯಾಗಿ ವಿಡಿಯೊದ ಧಾಟಿ ಬದಲಿಸಬೇಡ. ಶಾರ್ಟ್ಸ್ ಕತೆಯೇ ಬೇರೆ. 2023ರ ಫೆಬ್ರವರಿಯಿಂದ ಅದರ ಜಾಹೀರಾತಿಗೂ ಯೂಟ್ಯೂಬ್ ಪಾಲು ಕೊಡುತ್ತಿದೆ, ನಿಜ. ಆದರೆ ಉದ್ದದ ವಿಡಿಯೊದಲ್ಲಿ ನಿನ್ನ ಪಾಲು ಶೇ. 55, ಶಾರ್ಟ್ಸ್‌ನಲ್ಲಿ ಶೇ. 45. ಅದೂ ಎಲ್ಲರ ಹಣವನ್ನು ಒಟ್ಟುಗೂಡಿಸಿ, ಹಾಡಿನ ಹಕ್ಕಿನವರಿಗೆ ಕೊಡುವುದನ್ನು ಕಳೆದು ಹಂಚುವ ಲೆಕ್ಕ. ಈಚೆಗೆ ನೀನು ಹಾಕುತ್ತಿರುವುದೆಲ್ಲ ಬರೀ ಶಾರ್ಟ್ಸ್. ವ್ಯೂಸ್ ಲಕ್ಷ ದಾಟಿದರೂ ಬ್ಯಾಂಕಿಗೆ ಏನೂ ಬರದಿರುವುದಕ್ಕೆ ಮುಖ್ಯ ಕಾರಣ ಅಲ್ಲೇ ಇದೆ ಎಂದು ನನಗನಿಸುತ್ತದೆ.

ಇನ್ನು ನೋಡುಗರ ವಿಷಯ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ನಿಷೇಧವಾಯಿತು. ಮರುವರ್ಷ ಬಿಜಿಎಂಐ ಆಗಿ ಬಂತು, 2022ರ ಜುಲೈ ಕೊನೆಗೆ ಮತ್ತೆ ಹೋಯಿತು, 2023ರ ಮೇನಲ್ಲಿ ಮರಳಿತು. ನಡುವೆ ಫ್ರೀ ಫೈರ್ ಕೂಡ ನಿಷೇಧವಾಯಿತು. ಆ ಆಟಗಳನ್ನೇ ನಂಬಿ ಲೈವ್ ಮಾಡುತ್ತಿದ್ದ ಹುಡುಗರು ಯಾವ ತಪ್ಪೂ ಮಾಡಿರಲಿಲ್ಲ. ಆದರೂ ಅವರ ಕೈಯಿಂದ ಜನ ಜಾರಿದರು. ಬಂದವರಲ್ಲಿ ಹೆಚ್ಚಿನವರು ಆಟಕ್ಕಾಗಿ ಬಂದವರು, ಆಡುವವನಿಗಾಗಿ ಅಲ್ಲ. ಆಮೇಲೆ 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾನೂನು ಬಂತು. ರಮ್ಮಿ, ಫ್ಯಾಂಟಸಿ ಕ್ರಿಕೆಟ್‌ನವರ ಸ್ಪಾನ್ಸರ್ ಹಣ ನಿಂತಿತು. ನಿನಗೆ ಅದು ಹೊಡೆತವೇ. ಆದರೂ ಹೇಳುತ್ತೇನೆ, ಹೈಸ್ಕೂಲು ಹುಡುಗರು ನೋಡುವ ಜಾಗದಲ್ಲಿ ಆ ಜಾಹೀರಾತು ಇರಬಾರದಿತ್ತು. ಅದಕ್ಕಾಗಿ ಹಲುಬಬೇಡ.

ಹಾಗಾದರೆ ನಿನ್ನದು ಅಂತ ಏನಿದೆ? ಯೂಟ್ಯೂಬ್ ಸ್ಟುಡಿಯೊದಲ್ಲಿ ಮರಳಿ ಬರುವ ವೀಕ್ಷಕರ ಲೆಕ್ಕ ತೋರಿಸುತ್ತಾರಲ್ಲ, ದಿನಾ ಅದನ್ನು ನೋಡು, ಒಟ್ಟು ಸಬ್‌ಸ್ಕ್ರೈಬರ್ಸ್ ಸಂಖ್ಯೆಯನ್ನಲ್ಲ. ಸೋತ ಪಂದ್ಯದಲ್ಲಿ ಎಲ್ಲಿ ಎಡವಿದೆ ಎಂದು ನಮ್ಮೂರ ಮಾತಿನಲ್ಲಿ ಬಿಡಿಸಿ ಹೇಳಿದೆಯಲ್ಲ, ಆ ವಿಡಿಯೊವನ್ನು ಜನ ಕೊನೆತನಕ ನೋಡಿದ್ದಾರೆ. ಗೆದ್ದವನ ಕಿರುಚಾಟ ಎಲ್ಲ ಚಾನೆಲ್‌ನಲ್ಲೂ ಸಿಗುತ್ತದೆ, ಹೀಗೆ ನಿಧಾನವಾಗಿ ವಿವರಿಸುವವರು ಕನ್ನಡದಲ್ಲಿ ಎಷ್ಟು ಜನ ಇದ್ದಾರೆ? ಅದನ್ನೇ ಬೇರೆ ಆಟಗಳಿಗೂ ಒಯ್ಯಿ. ಪುಣೆಯವರು 2020ರಲ್ಲಿ ಮಾಡಿದ 'ರಾಜಿ' ಎಂಬ ಆಟವಿದೆ, ನಮ್ಮ ಪುರಾಣದ ಕತೆಯೇ ಅದರ ಬೆನ್ನೆಲುಬು. ಅದನ್ನು ಆಡುತ್ತಾ ಕತೆ ಹೇಳು. ನಿಮ್ಮಜ್ಜಿಯಿಂದ ಕೇಳಿದ್ದು ನಿನ್ನ ತಲೆಯಲ್ಲಿ ಬೇಕಾದಷ್ಟಿದೆ. ಇಂಥದ್ದು ಒಂದೇ ವಾರದಲ್ಲಿ ಏರುವುದಿಲ್ಲ, ಮುಂಚೆಯೇ ಹೇಳಿಬಿಡುತ್ತೇನೆ.

ಅಲ್ಲಿಯವರೆಗೆ ಹೊಟ್ಟೆಪಾಡಿಗೆ ನಿನ್ನ ಎಡಿಟಿಂಗ್ ಕೈ ಇದೆ. ಮದುವೆ ವಿಡಿಯೊದವರಿಗೆ, ಟ್ಯೂಷನ್‌ನವರಿಗೆ ಮಾಡಿಕೊಡು. ಅದರಲ್ಲಿ ಅವಮಾನವೇನೂ ಇಲ್ಲ. ಹೊಸ ಗ್ರಾಫಿಕ್ಸ್ ಕಾರ್ಡ್‌ಗೆ ಇಎಂಐ ಹಾಕಿಸಬೇಡ. ಬಂದ ಹಣಕ್ಕೆ ಪುಸ್ತಕ ಇಡು. ಇದು ವರಮಾನ ತೆರಿಗೆಗೆ ಒಳಪಡುವ ಆದಾಯ, ರಿಟರ್ನ್ ಸಲ್ಲಿಸಬೇಕು. ಆ್ಯಡ್‌ಸೆನ್ಸ್‌ನಲ್ಲಿ ಅಮೆರಿಕದ ತೆರಿಗೆ ಮಾಹಿತಿ ಕೊಟ್ಟಿದ್ದೀಯಾ? ಕೊಟ್ಟವರಿಗೆ ಅಮೆರಿಕದಲ್ಲಿ ನೋಡಿದವರಿಂದ ಬಂದ ಹಣದ ಮೇಲೆ ಮಾತ್ರ ಶೇ. 15 ಹಿಡಿಯುತ್ತಾರೆ. ಕೊಡದಿದ್ದರೆ ಒಟ್ಟು ಗಳಿಕೆಯಲ್ಲೇ ಶೇ. 24ರವರೆಗೂ ಹೋಗಬಹುದು. ಭಾನುವಾರ ಪ್ಯಾನ್ ಕಾರ್ಡ್ ತಗೊಂಡು ಮನೆಗೆ ಬಾ, ಆ ಫಾರ್ಮ್ ಕೂತು ತುಂಬೋಣ.