ಪಿಕಪ್ ವಾಹನದಲ್ಲಿ ರಾತ್ರಿ ತಂಗುವ ರೈತರಿಗೆ ಕೆಲವು ಸೂಚನೆಗಳು

ಮೂಡುಬಿದಿರೆ ಸಮೀಪದ ಶಿರ್ತಾಡಿ ಮತ್ತು ಸುತ್ತಲಿನ ಗ್ರಾಮಗಳಲ್ಲಿ ಅಡಿಕೆ, ತೆಂಗು, ಬಾಳೆ, ಕಾಳುಮೆಣಸು ಬೆಳೆಯುವ ರೈತರಿಗೆ ಹಿಂದಿನ ಎತ್ತಿನ ಗಾಡಿಯ ಕೆಲಸವನ್ನು ಇಂದು ಪಿಕಪ್ ವಾಹನ ಮಾಡುತ್ತಿದೆ. ಬೈಕಂಪಾಡಿಯ ಮಾರುಕಟ್ಟೆಗೆ ಹೋದವರು ಅದೇ ದಿನ ಮರಳಬಹುದು. ಆದರೆ ಘಟ್ಟದ ಮೇಲಿನ ಪೇಟೆಗಳಿಗೆ ಸರಕು ಒಯ್ಯುವಾಗ, ಅಥವಾ ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಾಮಾನ್ಯವಾಗಿ ನವೆಂಬರಿನಲ್ಲಿ ನಡೆಯುವ ಕೃಷಿ ಮೇಳಕ್ಕೆ ಹೋಗುವಾಗ, ಒಂದೆರಡು ರಾತ್ರಿ ಹೊರಗೆ ಕಳೆಯಬೇಕಾಗುತ್ತದೆ. ಆಗ ಕೆಲವರು ವಾಹನದ ಹಿಂಭಾಗದಲ್ಲಿಯೇ ಮಲಗುತ್ತಾರೆ. ಇನ್ನು ಕೆಲವರು ನಿದ್ರೆಗೆಟ್ಟು ರಾತ್ರಿಯಿಡೀ ವಾಹನ ಓಡಿಸುತ್ತಾರೆ.

ಎರಡನೆಯ ಪದ್ಧತಿ ಅತ್ಯಂತ ಅಪಾಯಕರ. ರಾತ್ರಿ 2ರಿಂದ ಬೆಳಗಿನ ಜಾವ 5 ಗಂಟೆಯವರೆಗೆ ದೇಹವು ಸ್ವಾಭಾವಿಕವಾಗಿಯೇ ನಿದ್ರೆಯನ್ನು ಬಯಸುತ್ತದೆ. ಕಣ್ಣು ಒಂದೆರಡು ಕ್ಷಣ ಮುಚ್ಚಿದರೂ ಘಟ್ಟದ ತಿರುವಿನಲ್ಲಿ ಅನಾಹುತವಾಗುತ್ತದೆ. ಚಹಾ ಕುಡಿದು ನಿದ್ರೆಯನ್ನು ಮುಂದೂಡಬಹುದೇ ಹೊರತು ತೀರಿಸಲಾಗದು. ಆದ್ದರಿಂದ ಚಾಲಕನಿಗೆ ಕನಿಷ್ಠ 6 ಗಂಟೆ ನಿದ್ರೆ ಸಿಗುವಂತೆ ಪ್ರಯಾಣವನ್ನು ಯೋಜಿಸಬೇಕು.

ನಿಲ್ಲಿಸುವ ಸ್ಥಳ: ಹೆದ್ದಾರಿಯ ಅಂಚಿನಲ್ಲಿ ವಾಹನ ನಿಲ್ಲಿಸಿ ಮಲಗಬಾರದು. ಶಿರಾಡಿ ಘಾಟಿ ಮತ್ತು ಸಕಲೇಶಪುರದ ಸುತ್ತ ಕಾಡಾನೆಗಳ ಸಂಚಾರವಿರುವುದರಿಂದ ಅಲ್ಲಿ ನಿರ್ಜನ ಸ್ಥಳದಲ್ಲಿ ತಂಗುವುದು ತರವಲ್ಲ. ಮಾರುಕಟ್ಟೆಯ ಪ್ರಾಂಗಣ ಅಥವಾ ದೀಪವಿರುವ ಪೆಟ್ರೋಲ್ ಬಂಕ್ ಮೇಲು. ಅನುಮತಿ ಕೇಳಿಯೇ ನಿಲ್ಲಿಸಬೇಕು. ಸಮತಟ್ಟಾದ ನೆಲವನ್ನು ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಕೊಡಬೇಕು. ನೆಲ ಸ್ವಲ್ಪ ಇಳಿಜಾರಾಗಿದ್ದರೆ ಎತ್ತರದ ಕಡೆಗೆ ತಲೆಯಿಟ್ಟು ಮಲಗಬೇಕು. ವಾಹನದ ಅಡಿಯಲ್ಲಿ ಎಂದೂ ಮಲಗಕೂಡದು. ಚಲಿಸುವ ವಾಹನದ ಹಿಂಭಾಗದಲ್ಲಿ ಮಲಗುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ಸ್ವಚ್ಛತೆ: ಇಂದು ಮಲಗುವ ಹಲಗೆಯ ಮೇಲೆ ಕಳೆದ ವಾರ ಮೈಲುತುತ್ತ, ಕೀಟನಾಶಕ, ಗೊಬ್ಬರ ಸಾಗಿಸಿರಬಹುದು. ಸೋರಿದ ಔಷಧಿ ಚರ್ಮದ ಮೂಲಕವೂ ದೇಹವನ್ನು ಸೇರುತ್ತದೆ. ಹೊರಡುವ ಹಿಂದಿನ ದಿನ ಹಿಂಭಾಗವನ್ನು ಸಾಬೂನು ನೀರಿನಿಂದ ಉಜ್ಜಿ ತೊಳೆದು, ಬಿಸಿಲಿನಲ್ಲಿ ಒಣಗಿಸಬೇಕು. ತೊಳೆದ ನೀರು ಬಾವಿ, ಕೆರೆ, ತೋಡುಗಳನ್ನು ಸೇರದಂತೆ ನೋಡಿಕೊಳ್ಳಬೇಕು. ಔಷಧಿಯ ಡಬ್ಬಗಳಿರುವ ವಾಹನದಲ್ಲಿ ಮಲಗಲೇಬಾರದು.

ಹಾಸಿಗೆ: ನವೆಂಬರಿನಲ್ಲಿ ಕರಾವಳಿಯ ರಾತ್ರಿ ಬೆಚ್ಚಗಿರುತ್ತದೆ. ಆದರೆ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ರಾತ್ರಿ ಕರಾವಳಿಯವರಿಗೆ ಚಳಿಯೆನಿಸುತ್ತದೆ. ಕಬ್ಬಿಣದ ತಗಡು ಮೈಯ ಶಾಖವನ್ನು ಬೇಗ ಹೀರುವುದರಿಂದ ಚಳಿ ಮೇಲಿಗಿಂತ ಕೆಳಗಿನಿಂದಲೇ ಹೆಚ್ಚು. ಅಡಿಕೆ ಮರದ ಬುಡಕ್ಕೆ ಸೊಪ್ಪು ಹೊದಿಸಿದಾಗ ಅದರ ಎಡೆಯಲ್ಲಿ ನಿಂತ ಗಾಳಿಯು ಮಣ್ಣಿನ ಉಷ್ಣತೆಯನ್ನು ಕಾಯ್ದುಕೊಳ್ಳುವಂತೆ, ಮೈಯಡಿಯ ಹಾಸಿನಲ್ಲಿಯೂ ಗಾಳಿಯ ಪದರವಿರಬೇಕು. ಮೊದಲು ಅಡಿಕೆ ಸಲಾಕೆಗಳನ್ನು ಹತ್ತಿರ ಹತ್ತಿರ ಜೋಡಿಸಿದರೆ ತಗಡಿನ ಉಬ್ಬುತಗ್ಗು ಮೈಗೆ ಒತ್ತುವುದಿಲ್ಲ. ಅದರ ಮೇಲೆ ತೆಂಗಿನ ನಾರಿನ ಹಾಸಿಗೆ, ಅಥವಾ ಗೋಣಿಯಲ್ಲಿ ತುಂಬಿದ ನಾಲ್ಕು ಅಂಗುಲ ದಪ್ಪದ ಬೈಹುಲ್ಲು, ಬಳಿಕ ಚಾಪೆ ಹಾಸಬೇಕು. ಬೈಹುಲ್ಲು ಹೊಸದಾಗಿರಲಿ, ಚೆನ್ನಾಗಿ ಒಣಗಿರಲಿ. ಇಲಿ ಓಡಾಡಿದ ಹುಲ್ಲಿನಿಂದ ಇಲಿಜ್ವರ ತಗಲಬಹುದು. ಎರಡು ಕಂಬಳಿಗಳಿದ್ದರೆ ಒಂದನ್ನು ಕೆಳಗೆ ಹಾಸಿ, ಒಂದನ್ನು ಹೊದೆಯುವುದು ಲಾಭಕರ. ಚಿಕ್ಕ ಪಿಕಪ್‌ಗಳ ಹಿಂಭಾಗವೂ ಸುಮಾರು 7 ಅಡಿ ಉದ್ದವಿರುವುದರಿಂದ ಇಬ್ಬರು ಕಾಲು ಚಾಚಿ ಮಲಗಬಹುದು.

ಮಾಡು ಮತ್ತು ಗಾಳಿ: ಟಾರ್ಪಾಲನ್ನು ಮನೆಯ ಮಾಡಿನಂತೆ ನಡುವೆ ಎತ್ತರಿಸಿ ಎರಡೂ ಬದಿಗೆ ಇಳಿಬಿಟ್ಟು ಕಟ್ಟಬೇಕು. ಎಲ್ಲಾ ಕಡೆ ಮುಚ್ಚುವುದು ತಪ್ಪು. ಮಲಗಿದವರ ಉಸಿರು ಮತ್ತು ಬೆವರಿನ ಆವಿ ತಣ್ಣಗಿನ ಟಾರ್ಪಾಲಿಗೆ ತಾಗಿ ಹನಿಯಾಗಿ ಬೀಳುತ್ತದೆ. ಪಕ್ಕದಲ್ಲಿ ಒಣ ಅಡಿಕೆಯ ಮೂಟೆಗಳಿದ್ದರೆ ಅದೇ ತೇವದಿಂದ ಬೂಷ್ಟು ಹಿಡಿದು ಬೆಲೆ ಇಳಿಯುತ್ತದೆ. ಮುಂದೆ ಮತ್ತು ಹಿಂದೆ ಒಂದೊಂದು ಗೇಣು ತೆರವು ಬಿಟ್ಟು, ಒಳಗೆ ಸೊಳ್ಳೆ ಪರದೆ ಕಟ್ಟಬೇಕು. ಮೂಟೆಗಳನ್ನು ಬೇರೊಂದು ಹೊದಿಕೆಯಿಂದ ಮುಚ್ಚಬೇಕು.

ಬೆಂಕಿ ಮತ್ತು ಹೊಗೆ: ಟಾರ್ಪಾಲಿನ ಒಳಗೆ ಕೆಂಡದ ಅಗ್ಗಿಷ್ಟಿಕೆ, ಒಲೆ, ಸೊಳ್ಳೆ ಬತ್ತಿ, ಬೀಡಿ ಯಾವುದೂ ಬೇಡ. ಹುಲ್ಲಿಗೆ ಕಿಡಿ ತಾಗುವ ಭಯ ಒಂದು ಕಡೆ. ಕೆಂಡದಿಂದ ಹೊರಡುವ ಇಂಗಾಲದ ಮೊನಾಕ್ಸೈಡ್ ಇನ್ನೊಂದು ಕಡೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿರುವವನು ಏಳುವುದೇ ಇಲ್ಲ. ಎಂಜಿನ್ನಿನ ಹೊಗೆಯಲ್ಲಿಯೂ ಇದು ಇರುವುದರಿಂದ ಎಂಜಿನ್ ನಿಲ್ಲಿಸಿಯೇ ಮಲಗಬೇಕು. ಅಡುಗೆಯನ್ನು ವಾಹನದಿಂದ ದೂರ, ಬಯಲಿನಲ್ಲಿ ಮಾಡಬೇಕು. ಬೆಳಕಿಗೆ ಟಾರ್ಚ್ ಸಾಕು.

ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒಂದು ಹಗ್ಗ ಜೊತೆಯಲ್ಲಿರಲಿ. ತಂಗುವ ಸ್ಥಳವನ್ನು ಮನೆಯವರಿಗೆ ಮೊದಲೇ ತಿಳಿಸಬೇಕು. ಸಲಾಕೆ, ಬೈಹುಲ್ಲು, ಗೋಣಿ ರೈತರ ತೋಟ, ಗದ್ದೆಗಳಲ್ಲಿಯೇ ದೊರೆಯುವುದರಿಂದ ಹೆಚ್ಚಿನ ಖರ್ಚಿಲ್ಲ. ವರ್ಷವಿಡೀ ದುಡಿದು ಬೆಳೆದ ಫಸಲು ಪೇಟೆಗೆ ತಲುಪಿದರಷ್ಟೇ ಸಾಲದು; ಬೆಳೆದವನೂ ಕ್ಷೇಮವಾಗಿ ಮನೆ ಸೇರಬೇಕು. ವಿಸ್ತರಣಾ ಕಾರ್ಯಕರ್ತರು ಮೇಳಗಳಿಗೆ ರೈತರನ್ನು ಹೊರಡಿಸುವ ಮುನ್ನ ಈ ವಿಷಯಗಳನ್ನು ಗ್ರಾಮ ಸಭೆಗಳಲ್ಲಿ ತಿಳಿಸುವುದು ಒಳಿತು.