ವೃತ್ತಚಲನೆಯಲ್ಲಿ ಜವ ಮತ್ತು ವೇಗ

ಪದಗಳ ಅರ್ಥವನ್ನು ನಿಷ್ಕರ್ಷಿಸುವುದು ಭಾಷಾಪಂಡಿತರ ಕೆಲಸ. ಪದಾರ್ಥಗಳ ಗುಣವನ್ನು ನಿಷ್ಕರ್ಷಿಸುವುದು ವಿಜ್ಞಾನಿಗಳ ಕೆಲಸ. ಕನ್ನಡದಲ್ಲಿ ಭೌತಶಾಸ್ತ್ರವನ್ನು ಬೋಧಿಸುವಾಗ ಈ ಎರಡೂ ಒಂದೆಡೆ ಕೂಡುತ್ತವೆ. ಪದ ಸಡಿಲವಾದರೆ ತತ್ತ್ವವೂ ಸಡಿಲವಾಗುವುದೆಂಬುದಕ್ಕೆ ವೃತ್ತಚಲನೆಯ ಪಾಠ ಒಳ್ಳೆಯ ನಿದರ್ಶನ.

ಕಾವ್ಯದಲ್ಲಿ ಜವವೆಂದರೂ ಒಂದೇ, ವೇಗವೆಂದರೂ ಒಂದೇ. ಕುದುರೆಯ ಓಟವನ್ನು ವರ್ಣಿಸುವ ಕವಿ ಛಂದಸ್ಸಿಗೆ ಹೊಂದುವ ಪದವನ್ನು ಆರಿಸಿಕೊಳ್ಳುತ್ತಾನೆ. ಆಡುಮಾತಿನಲ್ಲಂತೂ ಜವನೆಂದರೆ ಯಮನೇ ನೆನಪಾಗುತ್ತಾನೆ. ಆದರೆ ಭೌತಶಾಸ್ತ್ರ ಈ ಪದಗಳನ್ನು ಬೇರ್ಪಡಿಸಿದೆ. ಏಕಮಾನ ಕಾಲದಲ್ಲಿ ವಸ್ತು ಕ್ರಮಿಸುವ ದೂರವೇ ಜವ. ನಿರ್ದಿಷ್ಟ ದಿಕ್ಕಿನಲ್ಲಿರುವ ಜವವೇ ವೇಗ. ಮೊದಲನೆಯದಕ್ಕೆ ಪರಿಮಾಣ ಮಾತ್ರ. ಎರಡನೆಯದಕ್ಕೆ ಪರಿಮಾಣ, ದಿಕ್ಕು ಎರಡೂ ಉಂಟು. ವೇಗವು ಬದಲಾಗುವ ದರಕ್ಕೆ ವೇಗೋತ್ಕರ್ಷವೆಂದು ಹೆಸರು.

ನೇರವಾದ ಹಳಿಯ ಮೇಲೆ ಒಂದೇ ಸಮನೆ ಸಾಗುವ ರೈಲಿನ ಜವವೂ ಬದಲಾಗದು, ವೇಗವೂ ಬದಲಾಗದು. ಅಲ್ಲಿ ಎರಡು ಪದಗಳನ್ನು ಬೆರೆಸಿದರೂ ಹೆಚ್ಚಿನ ಹಾನಿಯಿಲ್ಲ. ವೃತ್ತಕ್ಕೆ ಬಂದಾಗ ಹಾಗಲ್ಲ. ದಾರಕ್ಕೆ ಕಟ್ಟಿದ ಕಲ್ಲೊಂದು 1 ಮೀಟರು ತ್ರಿಜ್ಯದ ವೃತ್ತದಲ್ಲಿ ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗುತ್ತಿದೆ ಎನ್ನೋಣ. ಅದರ ಜವ ಸೆಕೆಂಡಿಗೆ ಸುಮಾರು 6.28 ಮೀಟರು, ಇದು ಎಲ್ಲಿಯೂ ಬದಲಾಗದು. ಆದರೆ ಪೂರ್ವದ ತುದಿಯಲ್ಲಿ ಉತ್ತರಾಭಿಮುಖವಾಗಿದ್ದ ಕಲ್ಲು ಅರ್ಧ ಸೆಕೆಂಡಿನ ತರುವಾಯ ಪಶ್ಚಿಮದ ತುದಿಯಲ್ಲಿ ದಕ್ಷಿಣಾಭಿಮುಖವಾಗಿರುತ್ತದೆ. ಜವ ಅದೇ, ವೇಗವೋ ತದ್ವಿರುದ್ಧ. ಆದಕಾರಣ ಇದನ್ನು ‘ಸಮವೇಗದ ವೃತ್ತಚಲನೆ’ ಎನ್ನುವುದು ಅಶುದ್ಧ. ‘ಸಮಜವದ ವೃತ್ತಚಲನೆ’ ಎಂಬುದೇ ಶುದ್ಧ. ವೇಗ ಸಮವೆಂದು ಹೇಳಿಕೊಟ್ಟ ಮೇಲೆ ವೇಗೋತ್ಕರ್ಷ ಎಲ್ಲಿಂದ ಬಂತೆಂದು ವಿದ್ಯಾರ್ಥಿ ಕೇಳಿದರೆ ಉತ್ತರವೇ ಉಳಿಯದು.

ಈ ವೇಗೋತ್ಕರ್ಷದ ದಿಕ್ಕು ಸದಾ ಕೇಂದ್ರದ ಕಡೆಗೆ. ಜವದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಅದರ ಪರಿಮಾಣ ದೊರೆಯುತ್ತದೆ. ನಮ್ಮ ಕಲ್ಲಿನ ವಿಷಯದಲ್ಲಿ ಅದು ಗುರುತ್ವದ ವೇಗೋತ್ಕರ್ಷದ ಸುಮಾರು ನಾಲ್ಕರಷ್ಟು. ಜವ ಇಮ್ಮಡಿಯಾದರೆ ದಾರ ಎಳೆಯಬೇಕಾದ ಬಲ ನಾಲ್ಮಡಿಯಾಗುತ್ತದೆ. ದಾರ ತುಂಡಾಗುವ ಗುಟ್ಟು ಇದೇ.

ದಾರ ಹರಿದಾಗ ಕಲ್ಲು ಕೇಂದ್ರದಿಂದ ನೇರ ಹೊರಕ್ಕೆ ಸಿಡಿಯುವುದೆಂದು ಹಲವರ ನಂಬಿಕೆ. ಹೊರಕ್ಕೆ ತಳ್ಳುವ ಬಲವೊಂದು ಕಲ್ಲಿನ ಮೇಲಿದೆಯೆಂಬ ಭ್ರಮೆಯೇ ಇದಕ್ಕೆ ಮೂಲ. ನೆಲದ ಮೇಲೆ ನಿಂತು ನೋಡುವವನಿಗೆ ಅಂಥ ಬಲವಿಲ್ಲ. ಎಳೆತ ತಪ್ಪಿದೊಡನೆ ಕಲ್ಲು ಆ ಕ್ಷಣದ ವೇಗದ ದಿಕ್ಕಿನಲ್ಲಿ, ಅಂದರೆ ಸ್ಪರ್ಶರೇಖೆಯಲ್ಲಿ ಸಾಗುತ್ತದೆ. ಜೋಳದ ಹೊಲದ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸುವ ರೈತನಿಗೆ ಇದು ಗೊತ್ತು. ಕವಣೆ ಹಕ್ಕಿಯ ಕಡೆಗೆ ಚಾಚಿದಾಗ ಅವನು ಕಲ್ಲನ್ನು ಬಿಡುವುದಿಲ್ಲ. ಹಕ್ಕಿಯಿರುವ ದಿಕ್ಕಿಗೆ ಅದು ಅಡ್ಡಲಾಗಿದ್ದಾಗಲೇ ಬಿಡುತ್ತಾನೆ. ಸ್ಪರ್ಶರೇಖೆಯೆಂಬ ಹೆಸರನ್ನರಿಯದೆಯೂ ಅದರ ಪ್ರಯೋಗವನ್ನು ಆತ ಬಲ್ಲ.

ಕವಣೆಯ ಈ ನ್ಯಾಯವೇ ಆಕಾಶಕ್ಕೂ ಅನ್ವಯಿಸುತ್ತದೆ. ಅಲ್ಲಿ ದಾರದ ಸ್ಥಾನದಲ್ಲಿ ಗುರುತ್ವವಿದೆ. ಚಂದ್ರನ ದಾರಿ ಹೆಚ್ಚುಕಡಿಮೆ ವೃತ್ತವೇ. ಸರಾಸರಿ 3,84,400 ಕಿಲೋಮೀಟರು ದೂರದಲ್ಲಿ ಸುಮಾರು 27.3 ದಿನಗಳಿಗೊಮ್ಮೆ ಭೂಮಿಯನ್ನು ಸುತ್ತುವ ಚಂದ್ರ ಒಂದು ಸೆಕೆಂಡಿನಲ್ಲಿ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು ದೂರ ಮುಂದೆ ಸಾಗುತ್ತದೆ. ಅಷ್ಟರಲ್ಲಿ ಸ್ಪರ್ಶರೇಖೆಯಿಂದ ಭೂಮಿಯ ಕಡೆಗೆ ಬಾಗುವುದು ಸುಮಾರು 1.4 ಮಿಲಿಮೀಟರು ಮಾತ್ರ. ನೆಲದ ಬಳಿ ಬೀಳುವ ಹಣ್ಣು ಮೊದಲ ಸೆಕೆಂಡಿನಲ್ಲಿ 4.9 ಮೀಟರು ಇಳಿಯುತ್ತದೆ. ಇವೆರಡರ ನಿಷ್ಪತ್ತಿ ಸುಮಾರು 3600, ಅಂದರೆ 60ರ ವರ್ಗ. ಚಂದ್ರನ ದೂರವೂ ಭೂಮಿಯ ತ್ರಿಜ್ಯದ ಸುಮಾರು 60ರಷ್ಟು. ದೂರದ ವರ್ಗಕ್ಕೆ ವಿಲೋಮವಾಗಿ ಗುರುತ್ವ ಕುಗ್ಗುವುದೆಂಬ ಮಹಾತತ್ತ್ವವನ್ನು ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಹೋಲಿಕೆಯಿಂದಲೂ ಸಮರ್ಥಿಸಿದನು. ಜವ ಸಮವಾಗಿದೆಯೆಂದು ಚಂದ್ರನ ಮೇಲೆ ಬಲವೇ ಇಲ್ಲವೆಂದು ಬಗೆದಿದ್ದರೆ ಈ ದಾರಿ ತೆರೆಯುತ್ತಲೇ ಇರಲಿಲ್ಲ.

ದಾನಿಗಳ ಔದಾರ್ಯದಿಂದ ಶಾಲೆಗಳಿಗೆ ಪ್ರಯೋಗಶಾಲೆಯ ಉಪಕರಣಗಳು ಒದಗುತ್ತವೆ, ಅದು ಸ್ತುತ್ಯ. ಆದರೆ ಈ ಪಾಠಕ್ಕೆ ಬೇಕಾದುದು ಒಂದು ದಾರ, ಅದರ ತುದಿಗೆ ಕಟ್ಟಿದ ಒಂದು ರಬ್ಬರಿನ ತುಂಡು, ತೆರೆದ ಬಯಲು ಮತ್ತು ಎರಡು ಪದಗಳ ಸರಿಯಾದ ಬಳಕೆ. ಕನ್ನಡದಲ್ಲಿ ವಿಜ್ಞಾನ ಸಾಧ್ಯವೇ ಎಂದು ಕೇಳುವವರಿಗೆ ನಮ್ಮ ಉಪಾಧ್ಯಾಯರು ತರಗತಿಯಲ್ಲಿ ನಿತ್ಯವೂ ಕೊಡಬಹುದಾದ ಉತ್ತರ ಅದೇ ಆಗಿದೆ.